ಅಂಗೈಯೊಳಗಿನ ಘನ

ವಿಜಯಪುರಕ್ಕೆ ಬಂದವರು ಗೋಳಗುಮ್ಮಟದ ಗುಮ್ಮಟವನ್ನು ಕಂಡು ಬೆರಗಾಗುತ್ತಾರೆ. ಆದರೆ ಅದನ್ನು ಹೊತ್ತು ನಿಂತಿರುವ ಕಟ್ಟಡವು ಉದ್ದ, ಅಗಲ, ಎತ್ತರಗಳಲ್ಲಿ ಬಹುಮಟ್ಟಿಗೆ ಸಮನಾದ ಘನಾಕೃತಿ ಎಂಬುದನ್ನು ಗಮನಿಸುವವರು ವಿರಳ. ಅದೇ ಆಕಾರದ, ಅಂಗೈಯಲ್ಲಿ ಹಿಡಿಸುವ ಬಣ್ಣದ ಒಗಟೊಂದುಂಟು. ಅದೇ ರೂಬಿಕ್ಸ್ ಕ್ಯೂಬ್.

ಇದನ್ನು 1974ರಲ್ಲಿ ರಚಿಸಿದವರು ಹಂಗೇರಿಯ ಬುಡಾಪೆಸ್ಟ್ ನಗರದಲ್ಲಿ ಅಧ್ಯಾಪಕರಾಗಿದ್ದ ವಾಸ್ತುಶಿಲ್ಪಿ ಎರ್ನೋ ರೂಬಿಕ್. ತಾವೇ ರಚಿಸಿದ ಘನವನ್ನು ಒಮ್ಮೆ ತಿರುವಿ ಕೆಡಿಸಿದ ಬಳಿಕ ಮೊದಲಿನ ಸ್ಥಿತಿಗೆ ತರಲು ಅವರಿಗೆ ಸುಮಾರು ಒಂದು ತಿಂಗಳು ಹಿಡಿಯಿತು. ಅದರ ವಿನ್ಯಾಸಗಳ ಸಂಖ್ಯೆ 43ರ ಮುಂದೆ 18 ಸೊನ್ನೆಗಳನ್ನಿಟ್ಟರೆ ಆಗುವ ಸಂಖ್ಯೆಗಿಂತಲೂ ಅಧಿಕ! ಮನಬಂದಂತೆ ತಿರುಗಿಸುತ್ತ ಹೋದರೆ ಆಯುಷ್ಯವೇ ಸವೆದರೂ ಒಗಟು ಬಿಡದು.

ನನಗೆ ಇದನ್ನು ಕಲಿಸಿದವಳು ತಿಕೋಟಾದ ಒಬ್ಬ ಶಾಲಾಬಾಲಕಿ. ನಾನು ಒಂದು ಮುಖವನ್ನಷ್ಟೇ ಬಿಳುಪುಗೊಳಿಸಿ ಹಿಗ್ಗುತ್ತಿದ್ದಾಗ ಅವಳು ನಕ್ಕು, “ಅಜ್ಜಾರ, ಬಣ್ಣ ನೋಡಬ್ಯಾಡ್ರಿ, ತುಂಡು ನೋಡ್ರಿ” ಎಂದಳು. ಆ ಒಂದು ಮಾತಿನಲ್ಲಿ ಕೀಲಿಕೈ ಇತ್ತು. ಹೊರಗೆ ಕಾಣುವ ತುಂಡುಗಳು 26. ಮೂಲೆಯ 8 ತುಂಡುಗಳಿಗೆ ಮೂರು ಬಣ್ಣ, ಅಂಚಿನ 12ಕ್ಕೆ ಎರಡು, ನಡುವಿನ 6ಕ್ಕೆ ಒಂದೇ ಬಣ್ಣ. ನಡುವಿನ ತುಂಡುಗಳು ಒಳಗಿನ ಅಚ್ಚಿಗೆ ಕೂಡಿಕೊಂಡಿರುವುದರಿಂದ ತಮ್ಮ ನೆಲೆಯನ್ನು ಬದಲಿಸವು. ಆಯಾ ಮುಖಕ್ಕೆ ಯಾವ ಬಣ್ಣವೆಂಬುದನ್ನು ಅವೇ ನಿರ್ಧರಿಸುತ್ತವೆ.

ಆದಕಾರಣ ಘನವನ್ನು ಮನೆ ಕಟ್ಟಿದಂತೆ ಅಂತಸ್ತು ಅಂತಸ್ತಾಗಿ ಕಟ್ಟಬೇಕು. ಮೊದಲು ತಳದ ಅಂಚುಗಳು, ಬಳಿಕ ಅದರ ಮೂಲೆಗಳು, ಆಮೇಲೆ ನಡುವಿನ ಅಂತಸ್ತು, ಕೊನೆಗೆ ಮೇಲಿನದು. ಇಲ್ಲಿ ಒಂದು ಕಷ್ಟವಿದೆ. ಹೊಸ ತುಂಡನ್ನು ಸೇರಿಸಬೇಕಾದರೆ ಕಟ್ಟಿದುದನ್ನು ಕ್ಷಣಕಾಲ ಕದಲಿಸಲೇಬೇಕು. ಕದಲಿಸಿದುದನ್ನು ಮರಳಿಸುವ ದಾರಿಯನ್ನು ಅರಿತವನು ಅಂಜುವುದಿಲ್ಲ. ಅರಿಯದವನು ಒಂದು ಮುಖಕ್ಕೇ ಜೋತುಬೀಳುತ್ತಾನೆ.

ಒಮ್ಮೆ ಬಬಲೇಶ್ವರದ ಬಾಲಕನೊಬ್ಬ ತನ್ನ ಘನವನ್ನು ನನ್ನ ಬಳಿಗೆ ತಂದನು. ಎಲ್ಲವೂ ಕೂಡಿಬಂದರೂ ಒಂದು ಮೂಲೆ ಮಾತ್ರ ತನ್ನ ಸ್ಥಾನದಲ್ಲಿದ್ದೂ ತಿರುಚಿಕೊಂಡೇ ಉಳಿಯುತ್ತಿತ್ತು. ಎಷ್ಟು ಸಲ ಯತ್ನಿಸಿದರೂ ಫಲ ಅದೇ. ಕೇಳಲಾಗಿ, ಹಿಂದೊಮ್ಮೆ ಬೇಸತ್ತು ತುಂಡುಗಳನ್ನು ಕಿತ್ತು ಜೋಡಿಸಿದ್ದಾಗಿ ಅವನು ತಲೆತಗ್ಗಿಸಿ ನುಡಿದನು. ಬರಿಯ ತಿರುವುಗಳಿಂದ ಒಂದೇ ಮೂಲೆ ತಿರುಚಿಕೊಳ್ಳುವುದು ಅಸಾಧ್ಯವೆಂದು ಗಣಿತವು ಹೇಳುತ್ತದೆ. ಕಿತ್ತು ಜೋಡಿಸಬಹುದಾದ ಬಗೆಗಳಲ್ಲಿ ಹನ್ನೆರಡನೆಯ ಒಂದು ಪಾಲಿಗೆ ಮಾತ್ರ ಪರಿಹಾರವುಂಟು. ಅಡ್ಡದಾರಿ ಹಿಡಿದ ಆ ಒಂದು ಗಳಿಗೆ ಅವನ ನೇರ ದಾರಿಯನ್ನೂ ಮುಚ್ಚಿಬಿಟ್ಟಿತ್ತು!

ಘನವನ್ನು ಮತ್ತೆ ಬಿಚ್ಚಿ, ಬಣ್ಣಗಳು ಕೂಡುವಂತೆ ಜೋಡಿಸಿ, ತಿರುವಿ ಕೆಡಿಸಿ ಅವನ ಕೈಗಿತ್ತೆನು. ಕೆಲವು ದಿನಗಳ ಬಳಿಕ ಅವನು ನನ್ನೆದುರಿಗೇ ಅದನ್ನು ಬಿಡಿಸಿದನು. ಯಾವ ಸ್ಥಿತಿಯಿಂದಲಾದರೂ 20 ತಿರುವುಗಳೊಳಗೆ ಘನವನ್ನು ಬಿಡಿಸಬಹುದೆಂದು 2010ರಲ್ಲಿ ಗಣಕಯಂತ್ರಗಳ ನೆರವಿನಿಂದ ಸಿದ್ಧಪಡಿಸಲಾಗಿದೆ. ಆ ಬಾಲಕನಿಗೆ ನೂರಕ್ಕೂ ಹೆಚ್ಚು ತಿರುವುಗಳು ಬೇಕಾದವು. ಆದರೆ ಈ ಬಾರಿ ಅವನು ಒಂದು ತುಂಡನ್ನೂ ಕಿತ್ತಿರಲಿಲ್ಲ.