ಬಡ ಜೇಬಿಗೆ ಬೇಸಿಗೆಯ ಮೂರು ದಿನ

ಪರೀಕ್ಷೆಯ ಕೊನೆಯ ಉತ್ತರಪತ್ರಿಕೆಯನ್ನು ಒಪ್ಪಿಸಿ ಹೊರಬಂದ ವಿದ್ಯಾರ್ಥಿಯ ಬಳಿ ಕಾಲವು ಯಥೇಚ್ಛವಾಗಿರುತ್ತದೆ; ಕಾಸು ಮಾತ್ರ ಇರುವುದಿಲ್ಲ. ಹೊಸದಾಗಿ ನೌಕರಿಗೆ ಸೇರಿದ ತರುಣನ ಬಳಿ ಅಷ್ಟಿಷ್ಟು ಕಾಸಿದ್ದರೂ ಮನೆಗೆ ಕಳುಹಿಸುವ ಹಣ, ಕೋಣೆಯ ಬಾಡಿಗೆ ಇವೆರಡನ್ನೂ ಕಳೆದು ಉಳಿಯುವುದು ಅತ್ಯಲ್ಪ. ಊಟಿ, ಕೊಡೈಕೆನಾಲ್, ಮಡಿಕೇರಿ ಎಂಬ ಹೆಸರುಗಳು ಕಿವಿಗೆ ಬಿದ್ದಾಗ ಇಂಥವರ ಮನಸ್ಸು ಹಾರುತ್ತದೆ. ಕೈ ಜೇಬನ್ನು ಮುಟ್ಟಿ ಹಿಂದಕ್ಕೆ ಬರುತ್ತದೆ. ಪ್ರವಾಸವೆಂಬುದು ಉಳ್ಳವರ ವಿನೋದವೆಂಬ ಮಾತು ಹುಟ್ಟಿದ್ದು ಹೀಗೆ.

ಆ ಮಾತನ್ನು ಸುಳ್ಳುಮಾಡುವ ಸೀಮೆಯೊಂದು ದಕ್ಷಿಣ ಕನ್ನಡದಲ್ಲಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳು ಒಂದರ ಮಗ್ಗುಲಿಗೊಂದು ಒತ್ತಿಕೊಂಡಿರುವ ತಾಲೂಕುಗಳು. ಒಂದರಿಂದ ಇನ್ನೊಂದಕ್ಕೆ ಬಸ್ಸಿನಲ್ಲಿ ಗಂಟೆ ಒಂದೂವರೆ ಗಂಟೆಯ ಹಾದಿ. ಇಲ್ಲಿ ನೋಡತಕ್ಕ ವಸ್ತುಗಳಲ್ಲಿ ಹೆಚ್ಚಿನವಕ್ಕೆ ಪ್ರವೇಶಧನವಿಲ್ಲ. ಇರುವಲ್ಲಿಯೂ ಅದು ಹೊರೆಯೆನಿಸದು. ಆದರೆ ಹಣವನ್ನು ಕೇಳದ ಊರು ಬೇರೆ ಏನನ್ನಾದರೂ ಕೇಳಿಯೇ ಕೇಳುತ್ತದೆ. ಈ ಸೀಮೆ ಕೇಳುವುದು ಬೇಗನೆ ಏಳುವ ಅಭ್ಯಾಸವನ್ನು, ಗಟ್ಟಿ ಕಾಲುಗಳನ್ನು, ನೀರಿನ ವಿಷಯದಲ್ಲಿ ಮಿತವನ್ನು, ಮತ್ತು ಕೊಂಚ ವಿನಯವನ್ನು.

ಇದು ತಂಪಿನ ಊರಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಮೇಲು. ಏಪ್ರಿಲ್, ಮೇ ತಿಂಗಳುಗಳಲ್ಲಿ ಕರಾವಳಿಯ ಬಿಸಿಲಿಗಿಂತಲೂ ಅಲ್ಲಿಯ ಬೆವರು ಹೊಸಬರನ್ನು ಹೆಚ್ಚು ದಣಿಸುತ್ತದೆ. ಅಲ್ಲಿಯ ಜನರು ಕೆಲಸವನ್ನೆಲ್ಲ ಹೊತ್ತೇರುವ ಮುನ್ನ ಮುಗಿಸಿ, ನಡುಹಗಲನ್ನು ನೆರಳಿಗೆ ಬಿಟ್ಟು, ಸಂಜೆ ಮತ್ತೆ ಹೊರಬೀಳುತ್ತಾರೆ. ಪ್ರವಾಸಿಯೂ ಅದೇ ಪಾಠವನ್ನು ಕಲಿತರೆ ಬೇಸಿಗೆ ಅವನನ್ನು ಬಾಧಿಸದು.

ಮೊದಲ ದಿನ: ನೇತ್ರಾವತಿಯ ದಂಡೆ

ಮಂಗಳೂರಿನಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿರುವ ಬಿ.ಸಿ. ರೋಡ್ ಈ ಸೀಮೆಯ ಹೆಬ್ಬಾಗಿಲು. ಬೆಂಗಳೂರಿನ ಕಡೆಯಿಂದ ಬರುವ ರಾತ್ರಿಯ ಬಸ್ಸುಗಳು ಬೆಳಗಾಗುವ ಹೊತ್ತಿಗೆ ಇಲ್ಲಿ ಇಳಿಸುತ್ತವೆ. ರೈಲಿನ ಹಾದಿಯಲ್ಲಿಯೂ ಬಂಟ್ವಾಳದ ನಿಲ್ದಾಣವಿದೆ. ರಾತ್ರಿಯ ಪ್ರಯಾಣದಿಂದ ಒಂದು ದಿನದ ಕೋಣೆಯ ಬಾಡಿಗೆ ಉಳಿಯಿತು. ಮುಖ ತೊಳೆದು, ಬಿಸಿ ಬನ್ಸ್ ಅಥವಾ ನೀರುದೋಸೆಯನ್ನು ತಿಂದು, ಬೆಳ್ತಂಗಡಿಯ ಹಾದಿಯ ಬಸ್ಸನ್ನು ಹಿಡಿದು ವಗ್ಗದಲ್ಲಿ ಇಳಿಯಬೇಕು. ಅಲ್ಲಿಂದ ಒಳಕ್ಕೆ ಹೋದರೆ ಕಾರಿಂಜ.

ಬಯಲಿನ ನಡುವೆ ಒಮ್ಮೆಲೇ ಎದ್ದುನಿಂತ ಬಂಡೆಯ ಬೆಟ್ಟ ಅದು. ನಡುವಿನಲ್ಲಿ ಪಾರ್ವತಿಯ ಗುಡಿ, ನೆತ್ತಿಯಲ್ಲಿ ಕಾರಿಂಜೇಶ್ವರನ ಗುಡಿ. ಅಡಿಯಲ್ಲಿರುವ ವಿಶಾಲವಾದ ಕೆರೆಗೆ ಗದಾತೀರ್ಥವೆಂದು ಹೆಸರು; ಭೀಮಸೇನನು ಗದೆಯನ್ನೆಸೆದಾಗ ಉಂಟಾದ ಕೆರೆಯೆಂದು ಸ್ಥಳಪುರಾಣ ಹೇಳುತ್ತದೆ. ಮೆಟ್ಟಿಲು ಕಡಿದು, ಏರಿದವನಿಗೆ ಸಿಗುವ ಗಾಳಿ ಮಾತ್ರ ಬೆಲೆ ಕಟ್ಟಲಾಗದ್ದು. ತೆಂಗು ಕಂಗುಗಳ ತೋಟ, ಗುಡ್ಡದ ಮೇಲೆ ಗುಡ್ಡ, ಮೂಡಲಲ್ಲಿ ಘಟ್ಟದ ನೀಲಿ ಗೋಡೆ ಎಲ್ಲವೂ ಒಂದೇ ನೋಟಕ್ಕೆ ದೊರೆಯುತ್ತವೆ. ಇಲ್ಲಿಯ ಕೋತಿಗಳು ಚೀಲವನ್ನು ಚೆನ್ನಾಗಿ ಬಲ್ಲವು. ತಿಂಡಿಯ ಪೊಟ್ಟಣವನ್ನು ಕೈಯಲ್ಲಿ ಹಿಡಿದು ಹತ್ತುವವನು ಅದನ್ನು ಮರಳಿ ತರುವ ಆಸೆಯನ್ನು ಬಿಡುವುದೇ ಲೇಸು.

ನಡುಹಗಲಿಗೆ ಬಂಟ್ವಾಳ ಪೇಟೆ. ಘಟ್ಟದ ಮೇಲಿನ ಕಾಫಿ ಮುಂತಾದ ಸರಕು ಒಂದು ಕಾಲದಲ್ಲಿ ಇಲ್ಲಿಗೆ ಇಳಿದು, ದೋಣಿಗಳಲ್ಲಿ ನೇತ್ರಾವತಿಯ ಮೂಲಕ ಮಂಗಳೂರಿಗೆ ಸಾಗುತ್ತಿತ್ತು. ಆ ವೈಭವಕ್ಕೆ ಕಾರಣವಾದ ಹೊಳೆಯೇ 1923ರಲ್ಲಿಯೂ 1974ರಲ್ಲಿಯೂ ಪೇಟೆಯ ಮೇಲೆ ಹರಿಯಿತು. ಮೊದಲನೆಯ ನೆರೆಯನ್ನು ತುಳುವರು ‘ಮಾರಿಬೊಳ್ಳ’ವೆಂದೇ ಕರೆದರು. ಕನ್ನಡದ ಮಕ್ಕಳಿಗೆ ನಾಗರಹಾವಿನ ಹಾಡನ್ನು ಕೊಟ್ಟ ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದು ಈ ಊರಿನಲ್ಲಿಯೇ. ಬಿ.ಸಿ. ರೋಡಿನ ಬಳಿಯಿರುವ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ವಸ್ತುಸಂಗ್ರಹಾಲಯದಲ್ಲಿ ತುಳುನಾಡಿನ ಮನೆಬಳಕೆಯ ಹಳೆಯ ಸಾಮಾನುಗಳನ್ನು ಕೂಡಿಡಲಾಗಿದೆ. ಅಜ್ಜಿಯ ಬಾಯಿಯಲ್ಲಿ ಹೆಸರು ಮಾತ್ರ ಕೇಳಿದ್ದ ಸಾಧನಗಳನ್ನು ತರುಣರು ಇಲ್ಲಿ ಕಣ್ಣಾರೆ ಕಾಣಬಹುದು.

ಸಂಜೆಯ ಬಸ್ಸು ಧರ್ಮಸ್ಥಳಕ್ಕೆ. ತಂಗಲು ಅಲ್ಲಿ ಸುಲಭ ಬಾಡಿಗೆಯ ವಸತಿಗೃಹಗಳಿವೆ. ಗುರುತಿನ ಚೀಟಿ ಕೈಯಲ್ಲಿರಬೇಕು. ಇಬ್ಬರು ಮೂವರು ಜೊತೆಯಾಗಿ ಬಂದರೆ ಬಾಡಿಗೆಯ ಹೊರೆಯೂ ಹಂಚಿಹೋಗುತ್ತದೆ. ಬಂದವರು ಯಾರೆಂದು ಕೇಳದೆ ಎರಡು ಹೊತ್ತು ಊಟವಿಕ್ಕುವ ಪದ್ಧತಿ ಅಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ದೇವಾಲಯದೊಳಕ್ಕೆ ಗಂಡಸರು ಅಂಗಿಯನ್ನು ತೆಗೆದು ಹೋಗಬೇಕೆಂಬುದನ್ನು ಹೊಸಬರು ತಿಳಿದಿರಲಿ.

ಎರಡನೆಯ ದಿನ: ಕೋಟೆಯ ಬಂಡೆ

ಬೆಳ್ತಂಗಡಿಯ ದಾರಿಯಲ್ಲಿ ಎಲ್ಲಿ ನಿಂತರೂ ಕಣ್ಣಿಗೆ ಬೀಳುವ ಒಂಟಿ ಬಂಡೆಗೆ ಜನರು ಗಡಾಯಿಕಲ್ಲು ಎನ್ನುತ್ತಾರೆ. ನರಸಿಂಹಗಡವೆಂಬುದು ಅದರ ಹಳೆಯ ಹೆಸರು. 1794ರಲ್ಲಿ ಟಿಪ್ಪು ಸುಲ್ತಾನನು ಇದರ ಮೇಲೆ ಕೋಟೆಯನ್ನು ಕಟ್ಟಿಸಿ ಜಮಾಲಾಬಾದ್ ಎಂದು ಹೆಸರಿಟ್ಟನು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಇದೂ ಇಂಗ್ಲಿಷರ ವಶವಾಯಿತು. ಸಮುದ್ರಮಟ್ಟದಿಂದ ಸುಮಾರು 1,700 ಅಡಿ ಎತ್ತರದ ಈ ನೆತ್ತಿಗೆ ಇರುವುದು ಒಂದೇ ಇಕ್ಕಟ್ಟಾದ ಹಾದಿ. ಬಂಡೆಯಲ್ಲಿಯೇ ಕೊರೆದ ಮೆಟ್ಟಿಲುಗಳು ಸಾವಿರದ ಎಂಟುನೂರನ್ನು ಮೀರುತ್ತವೆ. ಕೆಲವೇ ಮಂದಿ ಮೇಲಿನಿಂದ ದೊಡ್ಡ ಸೈನ್ಯವನ್ನು ತಡೆಯಬಹುದಾಗಿತ್ತೆಂಬ ಮಾತು ಆ ಮೆಟ್ಟಿಲನ್ನು ಹತ್ತಿದವನಿಗೆ ವಿವರಣೆಯಿಲ್ಲದೆಯೇ ಅರ್ಥವಾಗುತ್ತದೆ.

ಕೋಟೆಯು ಕುದುರೆಮುಖ ರಾಷ್ಟ್ರೀಯ ಉದ್ಯಾನದ ವ್ಯಾಪ್ತಿಯಲ್ಲಿರುವುದರಿಂದ ಅರಣ್ಯ ಇಲಾಖೆಯ ಅನುಮತಿ ಬೇಕು. ಶುಲ್ಕವನ್ನು ತೆತ್ತು, ನಿಯಮದಂತೆ ಹೊತ್ತಿಗೆ ಸರಿಯಾಗಿ ಇಳಿದುಬರಬೇಕು. ಮಳೆಗಾಲದಲ್ಲಿ ಮೆಟ್ಟಿಲು ಜಾರುವುದರಿಂದ ಹಾದಿ ಮುಚ್ಚಿರುತ್ತದೆ. ಬೇಸಿಗೆಯಲ್ಲಿ ಹತ್ತುವವರು ಬೆಳಗಿನ ಜಾವವೇ ಹೊರಡತಕ್ಕದ್ದು. ಹೊತ್ತೇರಿದ ಮೇಲೆ ಆ ಬಂಡೆ ಕಾದ ಕಾವಲಿಯಂತಾಗುತ್ತದೆ. ತಲಾ ಎರಡು ಸೀಸೆ ನೀರನ್ನು ಒಯ್ಯದೆ ಹತ್ತುವುದು ಸಾಹಸವಲ್ಲ, ಅವಿವೇಕ. ಖಾಲಿ ಸೀಸೆಯನ್ನು ಮರಳಿ ಕೆಳಗೆ ತರುವುದು ಅದರಷ್ಟೇ ಮುಖ್ಯ.

ಇಳಿದು ಬಂದವನಿಗೆ ಬೆಳ್ತಂಗಡಿಯ ಅಂಗಡಿಯೊಂದರಲ್ಲಿ ಎಳನೀರೋ ಪುನರ್ಪುಳಿಯ ಶರಬತ್ತೋ ಅಮೃತವೇ ಸರಿ. ಮಧ್ಯಾಹ್ನದ ವಿಶ್ರಾಂತಿಯ ತರುವಾಯ ಉಜಿರೆಯ ಬಳಿಯ ಸುರ್ಯಕ್ಕೆ ಹೋಗಬಹುದು. ಅಲ್ಲಿಯ ಸದಾಶಿವರುದ್ರನಿಗೆ ಒಪ್ಪಿಸುವುದು ಮಣ್ಣಿನ ಗೊಂಬೆಗಳನ್ನು. ಮನೆ ಬೇಕಾದವರು ಮಣ್ಣಿನ ಮನೆಯನ್ನು, ಮಗು ಬೇಕಾದವರು ಮಣ್ಣಿನ ತೊಟ್ಟಿಲನ್ನು ಹರಕೆಯಾಗಿ ತಂದಿಡುತ್ತಾರೆ. ಮರಗಳ ನೆರಳಿನ ಬನದಲ್ಲಿ ರಾಶಿಬಿದ್ದಿರುವ ಆ ಗೊಂಬೆಗಳನ್ನು ನೋಡುತ್ತ ನಿಂತವನಿಗೆ ನಾಡಿನ ಜನರ ಆಸೆಗಳ ಪಟ್ಟಿಯನ್ನೇ ಓದಿದಂತಾಗುತ್ತದೆ. ಕೆಲಸ ಸಿಗಲೆಂದು ಹಾತೊರೆಯುವ ತರುಣನು ಅಲ್ಲಿ ತನ್ನ ಆಸೆಯನ್ನೂ ಕಂಡರೆ ಆಶ್ಚರ್ಯವಿಲ್ಲ.

ರಾತ್ರಿಗೆ ಟಿಕೆಟಿಲ್ಲದ ವಿನೋದವೂ ಉಂಟು. ಬೇಸಿಗೆಯೆಂದರೆ ಯಕ್ಷಗಾನದ ಕಾಲ. ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಪತ್ತನಾಜೆಯವರೆಗೆ ಮೇಳಗಳು ತಿರುಗಾಟದಲ್ಲಿರುತ್ತವೆ. ಭಕ್ತರು ಹರಕೆಯಾಗಿ ಆಡಿಸುವ ಬಯಲಾಟಕ್ಕೆ ಯಾರೂ ಹೋಗಿ ಕುಳಿತುಕೊಳ್ಳಬಹುದು. ಇಂದು ರಾತ್ರಿ ಆಟ ಎಲ್ಲಿದೆಯೆಂದು ಚಹಾದಂಗಡಿಯಲ್ಲಿ ವಿಚಾರಿಸಿದರೆ ಸಾಕು. ಹಿಂದೆ ಬೆಳಗಿನವರೆಗೆ ನಡೆಯುತ್ತಿದ್ದ ಆಟವನ್ನು ಈಗ ಹಲವು ಮೇಳಗಳು ನಡುರಾತ್ರಿಯ ಸುಮಾರಿಗೆ ಮುಗಿಸುವುದರಿಂದ, ತಂಗಿದ ಕಡೆಗೆ ಮರಳುವ ಏರ್ಪಾಡನ್ನು ಮೊದಲೇ ಮಾಡಿಕೊಂಡಿರಬೇಕು.

ನೀರಿನ ಲೆಕ್ಕ

ಅಗ್ಗದ ಪ್ರವಾಸದ ಬೆಲೆಯನ್ನು ಪ್ರವಾಸಿಯು ತೆರದಿದ್ದಾಗ ಮತ್ತಾರೋ ತೆರುತ್ತಾರೆಂಬುದನ್ನು ಈ ಸೀಮೆಯ ಹೊಳೆ ನೆನಪಿಸುತ್ತದೆ. ಮಳೆಗಾಲದಲ್ಲಿ ಊರನ್ನೇ ಮುಳುಗಿಸಬಲ್ಲ ನೇತ್ರಾವತಿಯು ಮೇ ತಿಂಗಳಿನಲ್ಲಿ ಬಂಡೆಗಳ ನಡುವಿನ ತೋಡಿನಂತಾಗುತ್ತದೆ. 2019ರ ಮೇ ತಿಂಗಳಿನಲ್ಲಿ ನೀರಿನ ಅಭಾವವು ಎಷ್ಟಾಯಿತೆಂದರೆ, ಯಾತ್ರೆಯನ್ನು ಕೆಲವು ದಿನ ಮುಂದೂಡಬೇಕೆಂದು ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರು ಭಕ್ತರನ್ನು ವಿನಂತಿಸಿಕೊಂಡರು. ಅನ್ನಕ್ಕೆ ಕೊರತೆಯಿಲ್ಲದ ಕ್ಷೇತ್ರದಲ್ಲಿ ನೀರಿಗೆ ಕೊರತೆಯಾಗಿತ್ತು. ಇದೇ ಹೊಳೆಗೆ ಕೆಳಗೆ ತುಂಬೆಯಲ್ಲಿ ಕಟ್ಟಿದ ಅಣೆಕಟ್ಟಿನಿಂದ ಮಂಗಳೂರು ನಗರವು ಕುಡಿಯುತ್ತದೆ. ಆದ್ದರಿಂದ ಕೋಣೆಯ ನಲ್ಲಿಯನ್ನು ಬಿಟ್ಟು ಮರೆಯುವವನು ಮತ್ತೊಬ್ಬರ ಕೊಡವನ್ನು ಬರಿದುಮಾಡುತ್ತಾನೆ.

ಇಳಿದ ಹೊಳೆಯು ನಿರಪಾಯವೆಂದು ತಿಳಿಯುವುದೂ ತಪ್ಪು. ಮೊಣಕಾಲುದ್ದದ ನೀರಿನ ಪಕ್ಕದಲ್ಲಿಯೇ ಆಳು ಮುಳುಗುವ ಗುಂಡಿಗಳಿರುತ್ತವೆ. ಬೇಸಿಗೆಯ ರಜೆಯಲ್ಲಿ ಈಜಲಿಳಿದ ತರುಣರು ಮರಳಿ ಬಾರದ ಸುದ್ದಿ ಪತ್ರಿಕೆಗಳಲ್ಲಿ ವರ್ಷವೂ ಬರುತ್ತದೆ. ಊರವರು ಸ್ನಾನಮಾಡುವ ಘಟ್ಟದಲ್ಲಿ ಮಾತ್ರ, ಊರವರನ್ನು ಕೇಳಿಯೇ ಇಳಿಯಬೇಕು. ಬೇಡವೆಂದು ಅವರು ಹೇಳಿದರೆ ವಾದಿಸದೆ ದಂಡೆಯಲ್ಲಿ ಕುಳಿತುಕೊಳ್ಳುವುದೇ ಜಾಣತನ.

ಮೂರನೆಯ ದಿನ: ಗೊಮ್ಮಟನಿಂದ ಬಸದಿಗೆ

ಬೆಳ್ತಂಗಡಿಯಿಂದ ಮೂಡುಬಿದಿರೆಗೆ ಹೋಗುವ ಹಾದಿಯ ನಡುವೆ, ಫಲ್ಗುಣಿಯ ದಂಡೆಯ ಮೇಲೆ ವೇಣೂರು. 1604ರಲ್ಲಿ ಅಜಿಲರ ಅರಸ ತಿಮ್ಮಣ್ಣನು ನಿಲ್ಲಿಸಿದ 35 ಅಡಿಯ ಬಾಹುಬಲಿ ಇಲ್ಲಿದ್ದಾನೆ. ಕಾರ್ಕಳದ ಅರಸನು ಈ ಮೂರ್ತಿಯನ್ನು ತನ್ನೂರಿಗೆ ಕೊಡಬೇಕೆಂದು ಹಟಹಿಡಿದನೆಂದೂ, ಅಜಿಲನು ಅದನ್ನು ಹೊಳೆಯ ಮರಳಿನಲ್ಲಿ ಹೂತು ಕಾಪಾಡಿದನೆಂದೂ ಐತಿಹ್ಯವುಂಟು. ಶ್ರವಣಬೆಳಗೊಳದ 58 ಅಡಿಯ, ಕಾರ್ಕಳದ 42 ಅಡಿಯ ಮೂರ್ತಿಗಳ ಮುಂದೆ ಇವನು ಚಿಕ್ಕವನು. ಆದರೆ ಜನಸಂದಣಿಯಿಲ್ಲದ ಬೆಳಗಿನಲ್ಲಿ ಅವನೆದುರು ಕುಳಿತವನಿಗೆ ಆ ಅಳತೆಗಳು ನೆನಪಾಗುವುದಿಲ್ಲ. ಹನ್ನೆರಡು ವರ್ಷಕ್ಕೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕವು 2024ರಲ್ಲಿ ನಡೆಯಿತು.

ವೇಣೂರಿನಿಂದ ಸುಮಾರು 20 ಕಿಲೋಮೀಟರಿಗೆ ಮೂಡುಬಿದಿರೆ. ಹದಿನೆಂಟು ಬಸದಿಗಳ ಈ ಊರಿನಲ್ಲಿ ಮುಖ್ಯವಾದುದು 1430ರಲ್ಲಿ, ವಿಜಯನಗರದ ಇಮ್ಮಡಿ ದೇವರಾಯನ ಕಾಲದಲ್ಲಿ ಎದ್ದ ತ್ರಿಭುವನತಿಲಕ ಚೂಡಾಮಣಿ. ಜನರ ಬಾಯಿಯಲ್ಲಿ ಸಾವಿರ ಕಂಬದ ಬಸದಿ. ಹೊರಗಿನಿಂದ ನೋಡಿದರೆ ಮಳೆನಾಡಿನ ಇಳಿಜಾರು ಮಾಡಿನ ಮನೆಯೊಂದು ಮೂರು ಅಂತಸ್ತಾಗಿ ಬೆಳೆದಂತೆ ಕಾಣುತ್ತದೆ. ಒಳಹೊಕ್ಕರೆ ಕಲ್ಲುಕಂಬಗಳ ಕಾಡು. ಒಂದರ ಕೆತ್ತನೆ ಇನ್ನೊಂದರಂತಿಲ್ಲವೆಂದು ಹೆಮ್ಮೆಯಿಂದ ತೋರಿಸುತ್ತಾರೆ. ಹೊರಗೆ ಎಷ್ಟೇ ಉರಿಬಿಸಿಲಿದ್ದರೂ ಆ ಕಲ್ಲಿನ ನೆಲ ತಣ್ಣಗಿರುತ್ತದೆ. ಹತ್ತಿರದಲ್ಲಿಯೇ ಚೌಟರ ಅರಮನೆ. ಅದರ ಮರದ ಕಂಬಗಳಲ್ಲಿ ಒಂಬತ್ತು ಸ್ತ್ರೀಯರು ಸೇರಿ ಆನೆಯಾದ ನವನಾರೀಕುಂಜರ, ಐವರು ಸೇರಿ ಕುದುರೆಯಾದ ಪಂಚನಾರೀತುರಗ ಇವೆ. ಅದು ವಂಶಸ್ಥರ ಮನೆಯಾದುದರಿಂದ ಕೇಳಿಯೇ ಒಳಗೆ ಹೋಗಬೇಕು.

ಈ ಊರಿನ ನಿಜವಾದ ಭಂಡಾರ ಗುರುಬಸದಿಯದು. ಧವಲ, ಜಯಧವಲ, ಮಹಾಧವಲಗಳೆಂಬ ಜೈನ ಸಿದ್ಧಾಂತಗ್ರಂಥಗಳ ತಾಳೆಗರಿಯ ಪ್ರತಿಗಳು ಶತಮಾನಗಳ ಕಾಲ ಉಳಿದುಬಂದದ್ದು ಇಲ್ಲಿಯೇ. ಭಾಷೆ ಪ್ರಾಕೃತ, ಲಿಪಿ ಹಳಗನ್ನಡ. ದೂರದೂರದಿಂದ ಬಂದ ಯಾತ್ರಿಕರಿಗೆ ಅವು ದರ್ಶನಕ್ಕೆ ದೊರೆಯುತ್ತಿದ್ದವೇ ಹೊರತು ಓದಿಗೆ ದೊರೆಯುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವುಗಳ ಪ್ರತಿಮಾಡುವ ಕಾರ್ಯ ಆರಂಭವಾಗಿ, 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲದ ಮೊದಲ ಸಂಪುಟ ಮುದ್ರಣವಾಯಿತು. ‘ಭರತೇಶವೈಭವ’ದ ಕವಿ ರತ್ನಾಕರವರ್ಣಿಯೂ ಹದಿನಾರನೆಯ ಶತಮಾನದಲ್ಲಿ ಈ ಊರಿನಲ್ಲಿಯೇ ಇದ್ದವನು.

ಖರ್ಚಿನ ಮಾತು

ಮೂಡುಬಿದಿರೆಯಿಂದ ಮಂಗಳೂರಿಗೆ ಸುಮಾರು 35 ಕಿಲೋಮೀಟರ್, ಬಸ್ಸಿಗೆ ಕಾಯಬೇಕಾಗಿಲ್ಲ. ಕರ್ನಾಟಕದ ಮಹಿಳೆಯರಿಗೆ 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಂತೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಆದರೆ ಈ ಜಿಲ್ಲೆಯಲ್ಲಿ ಖಾಸಗಿ ಬಸ್ಸುಗಳೇ ಹೆಚ್ಚು. ಅವುಗಳಲ್ಲಿ ಎಲ್ಲರೂ ಟಿಕೆಟು ಕೊಳ್ಳಲೇಬೇಕು. ಬಿ.ಸಿ. ರೋಡ್–ಧರ್ಮಸ್ಥಳದ ಹಾದಿಯಲ್ಲಿ ಸರ್ಕಾರಿ ಬಸ್ಸುಗಳು ಧಾರಾಳವಾಗಿವೆ. ಊಟಕ್ಕೆ ದೊಡ್ಡ ಹೋಟೆಲಿನ ಹಂಗಿಲ್ಲ. ಕುಚ್ಚಲಕ್ಕಿಯ ಅನ್ನ, ಸಾರು, ಮಜ್ಜಿಗೆ ಎಲ್ಲ ಪೇಟೆಗಳಲ್ಲಿಯೂ ಸಿಗುತ್ತದೆ. ರಸ್ತೆಬದಿಯಲ್ಲಿ ಹಲಸು, ಕಾಡುಮಾವು ಬೇಸಿಗೆಯ ಕಾಣಿಕೆ. ಗುಡಿ ಬಸದಿಗಳು ನಡುಹಗಲಿನಲ್ಲಿ ಮುಚ್ಚುವುದುಂಟೆಂಬುದನ್ನು ನೆನೆದು ಹೊತ್ತನ್ನು ಹೊಂದಿಸಿಕೊಂಡರೆ ಮೂರು ದಿನಗಳು ಸಾಕಾಗುತ್ತವೆ.

ಮನೆಗೆ ಮರಳಿದ ತರುಣನು ಚೀಟಿಯಲ್ಲಿ ಖರ್ಚನ್ನು ಕೂಡಿಸುವಾಗ ಬಸ್ಸು, ಊಟ, ವಸತಿ ಎಂಬ ಮೂರೇ ಬಾಬುಗಳು ಕಾಣುತ್ತವೆ. ಬೇರೆಯವರು ತೆತ್ತದ್ದು ಆ ಚೀಟಿಯಲ್ಲಿ ಇರುವುದಿಲ್ಲ. ತಾಳೆಗರಿಯನ್ನು ಹುಳುವಿನಿಂದ ಕಾದವರು, ಬಂಡೆಯಲ್ಲಿ ಮೆಟ್ಟಿಲು ಕಡಿದವರು, ಬತ್ತಿದ ಹೊಳೆಯಿಂದ ನೀರು ತಂದು ಸಾವಿರಾರು ಜನರಿಗೆ ಅನ್ನ ಬೇಯಿಸಿದವರು ತಮ್ಮ ಪಾಲನ್ನು ಮೊದಲೇ ಕೊಟ್ಟುಬಿಟ್ಟಿದ್ದಾರೆ. ಪ್ರವಾಸವು ಅಗ್ಗವಾದದ್ದು ಅದರಿಂದಲೇ. ಕಂಬದ ಮೇಲೆ ಹೆಸರು ಕೆತ್ತದೆ, ಬೆಟ್ಟದ ಮೇಲೆ ಕಸ ಬಿಡದೆ, ನಲ್ಲಿಯನ್ನು ನಿಲ್ಲಿಸಿ ಬಂದವನು ತನ್ನ ಪಾಲನ್ನೂ ಸಲ್ಲಿಸಿದನೆಂದೇ ಲೆಕ್ಕ.