ಉಳಿಸಿದ ವಿದ್ಯುತ್ತಿನ ಫಲ ಯಾರಿಗೆ?

ಗಳಿಸುವುದು ಒಂದು ಬಗೆಯ ಜಾಣ್ಮೆ, ಗಳಿಸಿದ್ದನ್ನು ಹಿತಮಿತವಾಗಿ ಬಳಸಿ ಉಳಿಸುವುದು ಇನ್ನೊಂದು ಬಗೆಯ ಜಾಣ್ಮೆ. ಧಾನ್ಯ, ಹಣ, ನೀರು ಇವುಗಳ ವಿಷಯದಲ್ಲಿ ನಮ್ಮ ಹಿರಿಯರು ಎರಡನ್ನೂ ಬಲ್ಲವರಾಗಿದ್ದರು. ವಿದ್ಯುತ್ತಿನ ವಿಷಯದಲ್ಲಿ ಮಾತ್ರ ನಾವು ಬಹುಕಾಲ ಮೊದಲನೆಯದನ್ನೇ ನಂಬಿ ನಡೆದೆವು. ಬೇಡಿಕೆ ಹೆಚ್ಚಿದಂತೆಲ್ಲ ಹೊಸ ಅಣೆಕಟ್ಟು, ಹೊಸ ಕಲ್ಲಿದ್ದಲು ಸ್ಥಾವರ ಎಂಬುದೇ ಆಡಳಿತದ ಉತ್ತರವಾಗಿತ್ತು. ಇತ್ತೀಚಿನ ದಶಕಗಳಲ್ಲಿ ಸರ್ಕಾರಗಳು ಉತ್ಪಾದನೆಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಉಳಿತಾಯಕ್ಕೂ ತೊಡಗಿಸುತ್ತಿವೆ. ಈ ನೆರವುಗಳಲ್ಲಿ ಕೆಲವು ಮನೆಮನೆಯಲ್ಲಿ ನೆಲೆಯೂರಿದವು, ಕೆಲವು ಹೆಸರೂ ಉಳಿಯದಂತೆ ಮರೆಯಾದವು. ಹೀಗೇಕಾಯಿತೆಂದು ತಿಳಿದುಕೊಂಡರೆ ಇಂದಿನ ಯೋಜನೆಗಳನ್ನು ಸರಿಯಾಗಿ ಬಳಸಿಕೊಳ್ಳುವ ದಾರಿಯೂ ತಿಳಿಯುತ್ತದೆ.

ಕುಂಟೆಯ ಹೆಸರು, ಕೊಳವೆಬಾವಿಯ ಬದುಕು

ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಊರಿನ ಹೆಸರಿನಲ್ಲಿ ಕುಂಟೆಯಿದೆ. ಕೆರೆಕುಂಟೆಗಳ ನೀರನ್ನು ನಂಬಿ ಬದುಕು ಕಟ್ಟಿಕೊಂಡ ಸೀಮೆ ಇದು. ಉತ್ತರ ಪಿನಾಕಿನಿ ಹರಿಯುವ ತಾಲ್ಲೂಕಾದರೂ ಅದು ವರ್ಷವಿಡೀ ತುಂಬಿ ಹರಿಯುವ ನದಿಯಲ್ಲ. ಅಂತರ್ಜಲದ ಮಿತಿಮೀರಿದ ಬಳಕೆಯಾಗಿರುವ ತಾಲ್ಲೂಕುಗಳ ಪಟ್ಟಿಯಲ್ಲಿ ಗೌರಿಬಿದನೂರು ಸೇರಿದೆ. ಮತ್ತೊಂದು ಕಡೆ ಕುಡುಮಲಕುಂಟೆಯ ಹೆಸರಿನಲ್ಲಿ ಕೈಗಾರಿಕಾ ಪ್ರದೇಶವೂ ತಲೆಯೆತ್ತಿದೆ. ಹೀಗೆ ಮನೆ, ಹೊಲ, ಕಾರ್ಖಾನೆ ಮೂರೂ ಒಂದೇ ವಿದ್ಯುತ್ ಜಾಲವನ್ನು ಅವಲಂಬಿಸಿವೆ.

ಇಂಥ ಸೀಮೆಯಲ್ಲಿ ನೀರೆಂದರೆ ವಿದ್ಯುತ್ತೆಂದೇ ಅರ್ಥ. ಒಂದು ಸಾವಿರ ಲೀಟರ್ ನೀರನ್ನು ೫೦ ಅಡಿ ಆಳದ ಬಾವಿಯಿಂದ ಎತ್ತಲು ಸಾಧಾರಣ ಪಂಪಿಗೆ ಒಂದು ಯೂನಿಟ್ಟಿನ ಹತ್ತನೆಯ ಒಂದು ಪಾಲು ವಿದ್ಯುತ್ ಸಾಕು. ಅದೇ ನೀರನ್ನು ೧೦೦೦ ಅಡಿಯಿಂದ ಎತ್ತಬೇಕಾದರೆ ಸುಮಾರು ಎರಡು ಯೂನಿಟ್ ಬೇಕು, ಅಂದರೆ ಇಪ್ಪತ್ತು ಪಟ್ಟು. ಅಜ್ಜನ ಕಾಲದ ಬಾವಿಗೂ ಮೊಮ್ಮಗನ ಕೊಳವೆಬಾವಿಗೂ ನಡುವಣ ಅಂತರ ಇದು. ಇಲ್ಲಿ ನೀರನ್ನು ಉಳಿಸಿದವನು ವಿದ್ಯುತ್ತನ್ನೂ ಉಳಿಸಿದಂತೆಯೇ ಸರಿ.

ಒಬ್ಬ ವಿಜ್ಞಾನಿಯ ಎಣಿಕೆ

ಉಳಿತಾಯವೂ ಒಂದು ಬಗೆಯ ಉತ್ಪಾದನೆಯೇ ಎಂಬ ಮಾತನ್ನು ನಮ್ಮ ರಾಜ್ಯದಲ್ಲಿ ಅಂಕಿಅಂಶಗಳೊಡನೆ ಹೇಳಿದವರು ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವನ್ನು ಕಟ್ಟಿದವರು ಅವರು. ೧೯೮೦ರ ದಶಕದ ಕೊನೆಯಲ್ಲಿ, ೨೦೦೦ದ ಹೊತ್ತಿಗೆ ಕರ್ನಾಟಕಕ್ಕೆ ಎಷ್ಟು ವಿದ್ಯುತ್ ಬೇಕಾದೀತೆಂಬ ಸರ್ಕಾರಿ ಅಂದಾಜೊಂದು ಸಿದ್ಧವಾಯಿತು. ರೆಡ್ಡಿಯವರೂ ಅವರ ಸಂಗಡಿಗರೂ ಅದನ್ನು ಬೇರೊಂದು ದೃಷ್ಟಿಯಿಂದ ಎಣಿಸಿದರು. ಜನರಿಗೆ ಬೇಕಾದುದು ಯೂನಿಟ್ಟುಗಳಲ್ಲ, ಬೆಳಕು, ಬಿಸಿನೀರು, ಹೊಲಕ್ಕೆ ನೀರು. ಇವನ್ನು ದಕ್ಷ ಸಾಧನಗಳಿಂದ ಒದಗಿಸಿದರೆ ಸರ್ಕಾರ ಅಂದಾಜು ಮಾಡಿದ ವಿದ್ಯುತ್ತಿನಲ್ಲಿ ಐದರಲ್ಲಿ ಎರಡು ಪಾಲು ಸಾಕೆಂದು ಅವರು ತೋರಿಸಿದರು. ಆ ಎಣಿಕೆಯಂತೆ ಎಲ್ಲವೂ ನಡೆಯಲಿಲ್ಲ. ಆದರೂ ಮುಂದೆ ಬಂದ ಅನೇಕ ಯೋಜನೆಗಳ ತಳದಲ್ಲಿ ಇದೇ ವಿಚಾರವಿರುವುದನ್ನು ಕಾಣಬಹುದು.

ಒಲೆಯಿಂದ ಕಲಿತ ಪಾಠ

‘ಅಸ್ತ್ರ ಒಲೆ’ಯನ್ನು ಬಲ್ಲ ಗೃಹಿಣಿಯರು ನಮ್ಮ ಹಿರಿಯ ಓದುಗರಲ್ಲಿ ಅನೇಕರಿದ್ದಾರೆ. ಮೂರು ಪಾತ್ರೆಗಳನ್ನು ಇಡಲು ಅನುಕೂಲವಾದ, ಹೊಗೆಕೊಳವೆಯುಳ್ಳ ಒಲೆ ಅದು. ಹಳೆಯ ಒಲೆಯಲ್ಲಿ ಕಟ್ಟಿಗೆಯ ಹತ್ತು ಪಾಲು ಶಾಖದಲ್ಲಿ ಒಂದು ಪಾಲು ಮಾತ್ರ ಪಾತ್ರೆಗೆ ತಲುಪುತ್ತಿತ್ತು. ಈ ಒಲೆಯಲ್ಲಿ ಮೂರು ನಾಲ್ಕು ಪಾಲು ತಲುಪುವಂತಾಯಿತು. ಕಣ್ಣುರಿ, ಕೆಮ್ಮು ತಪ್ಪಿದುದು ಬೇರೆ. ೧೯೮೦ರ ದಶಕದಲ್ಲಿ ಆರಂಭವಾದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮದಡಿ ಸಹಾಯಧನದೊಂದಿಗೆ ಇಂಥ ಒಲೆಗಳನ್ನು ದೇಶದಾದ್ಯಂತ ಲಕ್ಷಗಟ್ಟಲೆ ಕಟ್ಟಲಾಯಿತು. ೨೦೦೨ರಲ್ಲಿ ಕೇಂದ್ರ ಸರ್ಕಾರ ಆ ಕಾರ್ಯಕ್ರಮವನ್ನು ನಿಲ್ಲಿಸಿತು.

ಒಲೆ ಚೆನ್ನಾಗಿಯೇ ಇತ್ತು. ಆದರೆ ಕಟ್ಟಿದ ಒಲೆಗಳ ಲೆಕ್ಕವಿತ್ತೇ ಹೊರತು ಉರಿಯುತ್ತಿರುವ ಒಲೆಗಳ ಲೆಕ್ಕವಿರಲಿಲ್ಲ. ಹೊಗೆಕೊಳವೆ ಕಟ್ಟಿಕೊಂಡಾಗ ತೆಗೆದು ಶುಚಿಮಾಡುವವರು, ಬಿರುಕುಬಿಟ್ಟಾಗ ಮೆತ್ತಿಕೊಡುವವರು ಎಲ್ಲ ಊರುಗಳಲ್ಲೂ ಸಿಗಲಿಲ್ಲ. ಕೊಡುವ ಕೈಗೆ ಸಂಖ್ಯೆ ಮುಖ್ಯವಾಯಿತು, ಅಡಿಗೆ ಮಾಡುವ ಕೈಯನ್ನು ಕೇಳಿದವರು ಕಡಿಮೆ. ಸಾಧನ ಕೊಟ್ಟ ಮೇಲೆ ಅದರ ಪಾಲನೆ ಯಾರದು ಎಂಬ ಪ್ರಶ್ನೆಗೆ ಉತ್ತರವಿಲ್ಲದ ಯೋಜನೆ ಬಹುಕಾಲ ಬಾಳುವುದಿಲ್ಲ. ಇದು ಒಲೆ ಕಲಿಸಿದ ಪಾಠ.

ದೀಪವೂ ಬಿಸಿನೀರೂ ಗೆದ್ದುದೇಕೆ?

ಇದಕ್ಕೆ ಎದುರಾದ ಉದಾಹರಣೆ ಎಲ್‌ಇಡಿ ದೀಪ. ೨೦೧೫ರ ಜನವರಿಯಲ್ಲಿ ಕೇಂದ್ರದ ‘ಉಜಾಲಾ’ ಯೋಜನೆ ಆರಂಭವಾಯಿತು. ಅದೇ ವರ್ಷ ನಮ್ಮ ರಾಜ್ಯದಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಿಂದ ದೀಪಗಳ ವಿತರಣೆ ತೊಡಗಿತು. ಸರ್ಕಾರ ದೀಪಗಳನ್ನು ಪುಕ್ಕಟೆಯಾಗಿ ಹಂಚಲಿಲ್ಲ. ಕೋಟಿಗಟ್ಟಲೆ ದೀಪಗಳನ್ನು ಒಟ್ಟಿಗೆ ಕೊಂಡು ಬೆಲೆಯನ್ನು ಇಳಿಸಿತು. ೩೧೦ ರೂಪಾಯಿಯಷ್ಟಿದ್ದ ಒಂದು ದೀಪದ ಖರೀದಿ ಬೆಲೆ ೨೦೧೬ರ ಹೊತ್ತಿಗೆ ೩೮ ರೂಪಾಯಿಗೆ ಬಂದಿತು. ೬೦ ವ್ಯಾಟಿನ ಹಳೆಯ ಬಲ್ಬಿನ ಜಾಗದಲ್ಲಿ ೯ ವ್ಯಾಟಿನ ದೀಪ ದಿನಕ್ಕೆ ಐದು ಗಂಟೆ ಉರಿದರೆ ವರ್ಷಕ್ಕೆ ೯೩ ಯೂನಿಟ್ ಉಳಿಯುತ್ತದೆ. ಹೊಸ ದೀಪಕ್ಕೆ ದುರಸ್ತಿಯ ತೊಡಕಿಲ್ಲ. ಹಾಕಿದವರ ಬಿಲ್ಲಿನಲ್ಲೇ ಫಲ ಕಾಣುತ್ತಿತ್ತು. ಹೀಗಾಗಿ ಯಾರೂ ಒತ್ತಾಯಿಸಬೇಕಾಗಲಿಲ್ಲ.

ಸೌರ ಜಲತಾಪಕದ ಕಥೆಯೂ ಇಂಥದೇ. ೧೦೦ ಲೀಟರ್ ನೀರನ್ನು ಸ್ನಾನಕ್ಕೆ ತಕ್ಕಂತೆ ಕಾಯಿಸಲು ಗೀಸರಿಗೆ ದಿನಕ್ಕೆ ನಾಲ್ಕೂವರೆ ಯೂನಿಟ್ಟಿಗಿಂತ ಹೆಚ್ಚು ಬೇಕು. ಸೂರ್ಯ ಅದನ್ನು ಉಚಿತವಾಗಿ ಮಾಡಿಕೊಡುತ್ತಾನೆ. ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿ, ಅಂದರೆ ಬೆಸ್ಕಾಂ, ಸೌರ ಜಲತಾಪಕವಿರುವ ಮನೆಗಳಿಗೆ ಯೂನಿಟ್ಟಿಗೆ ೫೦ ಪೈಸೆಯಂತೆ ತಿಂಗಳಿಗೆ ೫೦ ರೂಪಾಯಿಯವರೆಗೆ ರಿಯಾಯಿತಿ ನೀಡುತ್ತ ಬಂದಿತು. ೨೦೦೭ರಲ್ಲಿ ರಾಜ್ಯ ಸರ್ಕಾರ ನಗರ ಪ್ರದೇಶದ ಹೊಸ ಮನೆಗಳಿಗೆ, ನಿಗದಿತ ವಿಸ್ತೀರ್ಣ ಮೀರಿದ್ದಲ್ಲಿ, ಇದನ್ನು ಕಡ್ಡಾಯ ಮಾಡಿತು. ರಿಯಾಯಿತಿಯ ಮೊತ್ತ ಅಲ್ಪವೇ. ಆದರೆ ಕೊಂಡವರೂ ಪಾಲಿಸುವವರೂ ಫಲ ಉಣ್ಣುವವರೂ ಒಂದೇ ಮನೆಯವರಾದುದರಿಂದ ಅದು ನೆಲೆನಿಂತಿತು.

ಪಂಪ್‌ಸೆಟ್ಟಿನ ಬಿಡಿಸಲಾಗದ ಗಂಟು

ಹೊಲದ ಕಡೆಗೆ ಬಂದರೆ ಈ ಮೂವರು ಬೇರೆ ಬೇರೆಯಾಗುತ್ತಾರೆ. ೧೦ ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ರಾಜ್ಯದಲ್ಲಿ ವಿದ್ಯುತ್ ಉಚಿತ. ಅದರ ವೆಚ್ಚವನ್ನು ಸರ್ಕಾರ ವಿದ್ಯುತ್ ಕಂಪನಿಗಳಿಗೆ ತುಂಬಿಕೊಡುತ್ತದೆ. ರೈತ ತನ್ನ ಹಣ ಹಾಕಿ ದಕ್ಷ ಪಂಪು ತಂದರೆ ಉಳಿಯುವ ಹಣ ಅವನ ಜೇಬಿಗೆ ಬಾರದು, ಸರ್ಕಾರದ ಖಜಾನೆಯಲ್ಲಿ ಉಳಿಯುತ್ತದೆ. ಹಾಗಿರುವಾಗ ಅವನು ಅಗ್ಗದ ಪಂಪನ್ನೇ ಕೊಳ್ಳುವುದರಲ್ಲಿ ತಪ್ಪೇನು?

ಈ ಗಂಟನ್ನು ಬಿಡಿಸುವ ಪ್ರಯತ್ನ ಗೌರಿಬಿದನೂರಿನ ನೆರೆಯಲ್ಲೇ ನಡೆಯಿತು. ೨೦೦೦ದ ದಶಕದಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಬೆಸ್ಕಾಂ ಅಮೆರಿಕದ ಅಭಿವೃದ್ಧಿ ನೆರವಿನ ಸಂಸ್ಥೆಯ ಸಹಕಾರದೊಡನೆ, ಹಳೆಯ ಪಂಪುಗಳ ಜಾಗದಲ್ಲಿ ದಕ್ಷ ಪಂಪುಗಳನ್ನು ಅಳವಡಿಸುವ ಪ್ರಯೋಗಕ್ಕೆ ಕೈಹಾಕಿತು. ಪಂಪಿನ ವೆಚ್ಚವನ್ನು ಉಳಿದ ವಿದ್ಯುತ್ತಿನ ಬೆಲೆಯಿಂದಲೇ ತೀರಿಸಬೇಕೆಂಬುದು ಅದರ ಹಿಂದಿನ ವಿಚಾರ. ರೈತನಿಂದ ಹಣ ಕೇಳದೆ, ಫಲ ಉಣ್ಣುವ ಕಂಪನಿಯೇ ವೆಚ್ಚ ಹೊರುವ ಈ ದಾರಿ ನ್ಯಾಯವಾದುದೇ. ರೈತನಿಗೂ ಲಾಭವಿಲ್ಲದಿಲ್ಲ. ಒಳ್ಳೆಯ ಮೋಟಾರು ಪದೇ ಪದೇ ಸುಡುವುದಿಲ್ಲ, ಸಿಕ್ಕ ಕೆಲವೇ ಗಂಟೆಗಳ ಮೂರು ಫೇಸಿನಲ್ಲಿ ಹೆಚ್ಚು ನೀರು ಬರುತ್ತದೆ. ಆದರೆ ಹೆಚ್ಚು ನೀರು ಬಂದೊಡನೆ ಅದನ್ನು ಹರಿಯಬಿಟ್ಟರೆ ಅಂತರ್ಜಲ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ದಕ್ಷ ಪಂಪಿನ ಜೊತೆಗೆ ಹನಿ ನೀರಾವರಿ ಇಲ್ಲದಿದ್ದರೆ ಒಂದು ಕೈಯಲ್ಲಿ ಉಳಿಸಿ ಇನ್ನೊಂದು ಕೈಯಲ್ಲಿ ಚೆಲ್ಲಿದಂತಾಗುತ್ತದೆ.

ಪಂಚಾಯಿತಿಯ ಪಾಲೇನು?

೧೯೯೩ರಲ್ಲಿ ಜಾರಿಗೆ ಬಂದ ಸಂವಿಧಾನದ ೭೩ನೆಯ ತಿದ್ದುಪಡಿಯೊಂದಿಗೆ ಹನ್ನೊಂದನೆಯ ಅನುಸೂಚಿ ಸೇರಿತು. ಪಂಚಾಯಿತಿಗಳಿಗೆ ವಹಿಸಬಹುದಾದ ೨೯ ವಿಷಯಗಳಲ್ಲಿ ಗ್ರಾಮೀಣ ವಿದ್ಯುದೀಕರಣ, ಅಸಾಂಪ್ರದಾಯಿಕ ಇಂಧನ ಮೂಲಗಳು, ಉರುವಲು ಮತ್ತು ಮೇವು ಕೂಡ ಇವೆ. ಆದರೂ ಬಹುತೇಕ ಗ್ರಾಮ ಪಂಚಾಯಿತಿಗಳಿಗೆ ವಿದ್ಯುತ್ತೆಂದರೆ ಬೀದಿದೀಪದ ಮತ್ತು ಕುಡಿಯುವ ನೀರಿನ ಪಂಪಿನ ಬಿಲ್ಲು ಮಾತ್ರ.

ಆ ಬಿಲ್ಲು ನಮ್ಮದೇ ತೆರಿಗೆಯ ಹಣ. ಹಗಲು ಹನ್ನೆರಡಕ್ಕೂ ಉರಿಯುವ ಬೀದಿದೀಪವನ್ನು ನೋಡಿ ನಾವೆಲ್ಲ ಮುಂದೆ ಸಾಗಿದ್ದೇವೆ. ಎಲ್‌ಇಡಿ ದೀಪ ಹಾಕಿ, ಸಂಜೆ ಹೊತ್ತಿ ಬೆಳಿಗ್ಗೆ ತಾನೇ ಆರುವ ಸ್ವಿಚ್ಚು ಕೂಡಿಸಿದರೆ ಉಳಿದ ಹಣ ಅದೇ ಪಂಚಾಯಿತಿಯಲ್ಲಿ ಶಾಲೆಗೋ ಚರಂಡಿಗೋ ಒದಗುತ್ತದೆ. ಗ್ರಾಮಸಭೆಯಲ್ಲಿ ವಿದ್ಯುತ್ ಬಿಲ್ಲಿನ ಬಾಬತ್ತನ್ನು ಓದಿಸಿ ಕೇಳುವ ಹಕ್ಕು ಪ್ರತಿಯೊಬ್ಬ ಗ್ರಾಮಸ್ಥನಿಗೂ ಇದೆ.

ಗೃಹಜ್ಯೋತಿಯೂ ಸೂರ್ಯಘರವೂ

೨೦೨೩ರಲ್ಲಿ ರಾಜ್ಯ ಸರ್ಕಾರ ಜಾರಿಗೆ ತಂದ ಗೃಹಜ್ಯೋತಿಯಿಂದ ತಿಂಗಳಿಗೆ ೨೦೦ ಯೂನಿಟ್ಟಿನವರೆಗೆ ಬಳಸುವ ಮನೆಗಳಿಗೆ ನೆರವು ದೊರೆತಿದೆ. ವಿದ್ಯುತ್ ಉಚಿತವಾದ ಮೇಲೆ ಉಳಿತಾಯವೇಕೆ ಎಂದು ಕೆಲವರು ಕೇಳುವುದುಂಟು. ಯೋಜನೆಯ ನಿಯಮದಲ್ಲೇ ಉತ್ತರವಿದೆ. ಎಲ್ಲ ಮನೆಗಳಿಗೂ ೨೦೦ ಯೂನಿಟ್ ಉಚಿತವಲ್ಲ. ಹಿಂದಿನ ಬಳಕೆಯ ಸರಾಸರಿಯ ಮೇಲೆ ಒಂದಿಷ್ಟು ಸೇರಿಸಿ ಆಯಾ ಮನೆಯ ಮಿತಿಯನ್ನು ಗೊತ್ತುಪಡಿಸಲಾಗಿದೆ. ಆ ಮಿತಿ ಮೀರಿದರೆ ಹೆಚ್ಚಿನ ಬಳಕೆಗೆ ಹಣ ಕೊಡಬೇಕು, ೨೦೦ ದಾಟಿದರೆ ಪೂರ್ಣ ಬಿಲ್ಲು ಕಟ್ಟಬೇಕು. ಒಂದು ಗೀಸರು ತಿಂಗಳಿಗೆ ನೂರಕ್ಕೂ ಹೆಚ್ಚು ಯೂನಿಟ್ ನುಂಗಬಲ್ಲದೆಂಬುದನ್ನು ನೆನೆದರೆ ಸೌರ ಜಲತಾಪಕದ ಬೆಲೆ ತಿಳಿಯುತ್ತದೆ.

೨೦೨೪ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪ್ರಧಾನಮಂತ್ರಿ ಸೂರ್ಯಘರ ಯೋಜನೆಗೆ ಒಪ್ಪಿಗೆ ನೀಡಿತು. ಮನೆಯ ಮಾಳಿಗೆಯ ಮೇಲೆ ಸೌರ ಫಲಕ ಕೂಡಿಸಿದರೆ ಒಂದು ಕಿಲೋವ್ಯಾಟಿಗೆ ೩೦ ಸಾವಿರ, ಎರಡಕ್ಕೆ ೬೦ ಸಾವಿರ, ಮೂರು ಮತ್ತು ಅದಕ್ಕೆ ಮೇಲ್ಪಟ್ಟುದಕ್ಕೆ ೭೮ ಸಾವಿರ ರೂಪಾಯಿ ಸಹಾಯಧನವನ್ನು ಅದರಲ್ಲಿ ಗೊತ್ತುಮಾಡಲಾಯಿತು. ಒಂದು ಕಿಲೋವ್ಯಾಟ್ ಫಲಕದಿಂದ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ದೊರೆಯುತ್ತದೆ. ತಮ್ಮ ವ್ಯಾಪ್ತಿಯಲ್ಲಿ ಅಳವಡಿಸಿದ ಪ್ರತಿಯೊಂದು ಮನೆಗೆ ಸ್ಥಳೀಯ ಸಂಸ್ಥೆಗಳಿಗೂ ಒಂದು ಸಾವಿರ ರೂಪಾಯಿ ಪ್ರೋತ್ಸಾಹಧನವನ್ನು ಈ ಯೋಜನೆಯಲ್ಲಿ ಇರಿಸಲಾಗಿದೆ. ಪಂಚಾಯಿತಿಗೆ ಫಲದಲ್ಲಿ ಪಾಲು ಕೊಟ್ಟಿರುವುದು ವಿವೇಕದ ಕೆಲಸ.

ಬಿಲ್ಲು ಸೊನ್ನೆಯಿರುವ ಮನೆಗೆ ಫಲಕದಿಂದ ಸದ್ಯಕ್ಕೆ ಹೆಚ್ಚು ಲಾಭವಿಲ್ಲ. ೨೦೦ ಯೂನಿಟ್ ಮೀರುವ ಅವಿಭಕ್ತ ಕುಟುಂಬಕ್ಕೆ ಇದು ಚಿಂತಿಸತಕ್ಕ ದಾರಿ. ಮೊದಲು ಬಳಕೆ ಇಳಿಸುವುದು, ಆಮೇಲೆ ಅದಕ್ಕೆ ತಕ್ಕ ಫಲಕ ಹಾಕಿಸುವುದು ಸರಿಯಾದ ಕ್ರಮ. ದುಂದಿಗೆ ತಕ್ಕಂತೆ ಫಲಕ ಕೊಳ್ಳುವುದು ಸೋರುವ ಕೊಡಕ್ಕೆ ದೊಡ್ಡ ಬಾವಿ ತೋಡಿದಂತೆ.

ಅಂಗಡಿ, ಕಾರ್ಖಾನೆ, ರೇಷ್ಮೆ ಮನೆ

ಇದೇ ಜಿಲ್ಲೆಯ ಶಿಡ್ಲಘಟ್ಟ ರೇಷ್ಮೆಗೆ ಹೆಸರಾದ ಊರು. ಗೂಡನ್ನು ಬೇಯಿಸಿ ನೂಲು ಬಿಚ್ಚಲು ದಿನವಿಡೀ ಬಿಸಿನೀರು ಬೇಕು, ಅದಕ್ಕೆ ರಾಶಿ ರಾಶಿ ಸೌದೆ ಬೇಕು. ೧೯೯೦ರ ದಶಕದಲ್ಲಿ ದೆಹಲಿಯ ಟೆರಿ ಸಂಸ್ಥೆ ಸ್ವಿಟ್ಜರ್ಲೆಂಡಿನ ನೆರವಿನಿಂದ ರೇಷ್ಮೆ ರೀಲರುಗಳಿಗಾಗಿ ಸೌದೆ ಉಳಿಸುವ ಅನಿಲೀಕರಣ ಒಲೆಯನ್ನು ರೂಪಿಸಿತು. ಸಣ್ಣ ಉದ್ಯಮದಲ್ಲಿ ಉರುವಲಿನ ಉಳಿತಾಯ ನೇರವಾಗಿ ಲಾಭವೇ ಆಗುತ್ತದೆಂಬುದಕ್ಕೆ ಇದೊಂದು ನಿದರ್ಶನ. ೨೦೨೫ರಲ್ಲಿ ಕೇಂದ್ರದ ಇಂಧನ ದಕ್ಷತಾ ಬ್ಯೂರೊ ಜವಳಿ, ಆಹಾರ ಸಂಸ್ಕರಣೆ ಮೊದಲಾದ ಆಯ್ದ ವಲಯಗಳ ಸಣ್ಣ ಉದ್ಯಮಗಳಿಗೆ, ದಕ್ಷ ಯಂತ್ರ ಕೊಳ್ಳಲು ಪಡೆದ ಸಾಲದ ಬಡ್ಡಿಯಲ್ಲಿ ರಿಯಾಯಿತಿ ಕೊಡುವ ಯೋಜನೆಯನ್ನು ಆರಂಭಿಸಿದೆ. ಉದ್ಯಮ ನಡೆಸುವ ನಮ್ಮ ಯುವಕರು ಇದನ್ನು ವಿಚಾರಿಸಿ ನೋಡಬೇಕು.

ಕುಟುಂಬಗಳು ಮಾಡಬಹುದಾದುದು

ಮೊದಲನೆಯದಾಗಿ, ಒಂದು ವರ್ಷದ ಬಿಲ್ಲುಗಳನ್ನು ಒಂದೆಡೆ ಇಟ್ಟುಕೊಂಡು ಯಾವ ತಿಂಗಳಲ್ಲಿ ಎಷ್ಟು ಯೂನಿಟ್ ಎಂಬುದನ್ನು ಬರೆದಿಡಿ. ಶಾಲೆಗೆ ಹೋಗುವ ಮಗುವಿಗೇ ಈ ಕೆಲಸ ಒಪ್ಪಿಸಬಹುದು.

ಎರಡನೆಯದಾಗಿ, ಸಾಧನ ಕೊಳ್ಳುವಾಗ ೨೦೦೬ರಿಂದ ಬಳಕೆಗೆ ಬಂದ ನಕ್ಷತ್ರದ ಗುರುತನ್ನು ನೋಡಿ. ನಕ್ಷತ್ರ ಹೆಚ್ಚಿದ್ದಷ್ಟೂ ವಿದ್ಯುತ್ ಕಡಿಮೆ. ೭೫ ವ್ಯಾಟಿನ ಹಳೆಯ ಫ್ಯಾನಿನ ಬದಲು ೩೦ ವ್ಯಾಟಿನ ಹೊಸ ಬಗೆಯ ಫ್ಯಾನು ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ ೧೬ ಯೂನಿಟ್ ಉಳಿಯುತ್ತದೆ.

ಮೂರನೆಯದಾಗಿ, ಸಹಾಯಧನ ಕೊಡಿಸುವೆವೆಂದು ಮನೆಬಾಗಿಲಿಗೆ ಬಂದವರ ಕೈಗೆ ಹಣವನ್ನಾಗಲಿ ಬ್ಯಾಂಕಿನ ವಿವರವನ್ನಾಗಲಿ ಕೊಡಬೇಡಿ. ಯೋಜನೆಯ ನಿಯಮಗಳನ್ನು ಬೆಸ್ಕಾಂ ಉಪವಿಭಾಗದ ಕಚೇರಿಯಲ್ಲೇ ಕೇಳಿ ತಿಳಿಯಿರಿ. ಅಳವಡಿಸುವವರಿಂದ ಎಷ್ಟು ವರ್ಷ ದುರಸ್ತಿಯ ಹೊಣೆ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಸರ್ಕಾರ ಒಲೆ ಕೊಟ್ಟಿತು, ದೀಪ ಕೊಟ್ಟಿತು, ಇಂದು ಸೌರ ಫಲಕಕ್ಕೆ ಹಣ ಕೊಡುತ್ತಿದೆ. ಕೊಡುವುದು ಒಂದು ದಿನದ ಕೆಲಸ, ಪಾಲಿಸುವುದು ಅನುದಿನದ ಕಾಯಕ. ಫಲ ಉಣ್ಣುವವರೇ ಪಾಲನೆಯ ಹೊಣೆ ಹೊತ್ತಲ್ಲಿ ಯೋಜನೆಗಳು ಉಳಿದಿವೆ. ಕುಡುಮಲಕುಂಟೆಯಂಥ ಊರುಗಳಲ್ಲಿ ಉಳಿಸಿದ ಒಂದು ಯೂನಿಟ್ ನೆಲದೊಳಗೆ ಉಳಿದ ನೀರೂ ಹೌದು. ಅದರ ಫಲ ನಮ್ಮ ಬಿಲ್ಲಿನಲ್ಲಿ ಕಾಣದಿದ್ದರೂ ನಮ್ಮ ಮಕ್ಕಳ ಬಾವಿಯಲ್ಲಿ ಕಂಡೀತು.