ತೈಲದ ಬೆಲೆಯೇರಿಕೆಯ ಹೊರೆ ಯಾರದು?

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ಪಟ್ಟಣಗಳ ಪೈಕಿ ರೈಲುದಾರಿಯಿರುವುದು ಕೃಷ್ಣರಾಜನಗರಕ್ಕೆ ಮಾತ್ರ. ಉಳಿದೆಡೆಗಳಲ್ಲಿ ಜನಸಂಚಾರವೂ ಸರಕು ಸಾಗಣೆಯೂ ಮೋಟಾರು ವಾಹನಗಳನ್ನೇ ಅವಲಂಬಿಸಿವೆ. ಆದುದರಿಂದ ತೈಲದ ಬೆಲೆಯೇರಿದಾಗ ಅದರ ಹೊರೆ ಕಟ್ಟಕಡೆಗೆ ಯಾರ ಮೇಲೆ ಬೀಳುವುದೆಂಬುದನ್ನು ಇಲ್ಲಿ ಪರಿಶೀಲಿಸುವೆವು.

ರಾಜ್ಯ ಸರ್ಕಾರವು ಡೀಸೆಲ್ ಮೇಲಣ ಮಾರಾಟ ತೆರಿಗೆಯನ್ನು 2024ರ ಜೂನ್‌ನಲ್ಲಿ ಶೇಕಡ 14.34ರಿಂದ 18.44ಕ್ಕೂ, 2025ರ ಏಪ್ರಿಲ್‌ನಲ್ಲಿ 21.17ಕ್ಕೂ ಏರಿಸಿತು. ಇದನ್ನು ಮೊದಲು ತೆರುವವನು ವಾಹನದ ಒಡೆಯನೇ ಸರಿ. ಆದರೆ ಅವನು ಅದನ್ನು ಇತರರಿಗೆ ದಾಟಿಸಬಲ್ಲನು. ಲಾರಿಯವನು ಬಾಡಿಗೆಗೆ ಸೇರಿಸುವನು. ಸರ್ಕಾರಿ ಬಸ್ಸುಗಳ ಪ್ರಯಾಣದರವೂ 2025ರ ಜನವರಿಯಲ್ಲಿ ಶೇಕಡ 15ರಷ್ಟು ಏರಿತು; ಇಂಧನ ಹಾಗೂ ಸಿಬ್ಬಂದಿಯ ವೆಚ್ಚ ಹೆಚ್ಚಿದುದೇ ಅದಕ್ಕೆ ಕೊಟ್ಟ ಕಾರಣ.

ಹೀಗೆ ದಾಟುತ್ತ ಬಂದ ಹೊರೆಯು ಹೊಗೆಸೊಪ್ಪಿನ ಬೆಳೆಗಾರನಲ್ಲಿ ನಿಲ್ಲುತ್ತದೆ. ಉಳುಮೆಗೆ ಟ್ರ್ಯಾಕ್ಟರಿನ ಬಾಡಿಗೆ, ಎಲೆ ಹದಗೊಳಿಸುವ ಬ್ಯಾರನ್ನಿಗೆ ಸೌದೆಯ ಸಾಗಣೆ, ಬೇಲುಗಳನ್ನು ಹರಾಜು ಮಾರುಕಟ್ಟೆಗೆ ಒಯ್ಯುವ ಖರ್ಚು, ಈ ಮೂರರಲ್ಲೂ ಡೀಸೆಲ್ಲಿನ ಬೆಲೆ ಅಡಗಿದೆ. ಆದರೆ ತಂಬಾಕು ಮಂಡಳಿಯ ಹರಾಜಿನಲ್ಲಿ ಬೆಲೆ ನಿರ್ಧಾರವಾಗುವುದು ಕೊಳ್ಳುವವರ ಪೈಪೋಟಿಯಿಂದಲೇ ಹೊರತು ಬೆಳೆಗಾರನ ಖರ್ಚಿನ ಲೆಕ್ಕದಿಂದಲ್ಲ. ಬೇಡಿಕೆ ಕುಗ್ಗಿದ ವರ್ಷದಲ್ಲಿ ಹೆಚ್ಚಿದ ವೆಚ್ಚವೆಲ್ಲ ಅವನದೇ ಆಗುವುದು. ವಾಹನಗಳನ್ನಷ್ಟೇ ಎಣಿಸಿ ಈ ಹೊರೆಯನ್ನು ಅಳೆದರೆ, ವಾಹನವೇ ಇಲ್ಲದವನು ತೆರುವ ಪಾಲು ನಮ್ಮ ಲೆಕ್ಕದಿಂದ ತಪ್ಪಿಹೋಗುತ್ತದೆ.